ಮಧ್ಯಾಹ್ನದ ಕತೆಗಳು ಕಳೆದುಹೋದದ್ದು ಹೇಗೆ: ಅಮೆರಿಕದ ಹಗಲು ಧಾರಾವಾಹಿಗಳ ಇಳಿಗಾಲ

1990ರ ಆರಂಭದಲ್ಲಿ ಅಮೆರಿಕದ ಮೂರು ದೊಡ್ಡ ಟಿವಿ ಜಾಲಗಳಲ್ಲಿ, ಅಂದರೆ ಎಬಿಸಿ, ಸಿಬಿಎಸ್ ಮತ್ತು ಎನ್‌ಬಿಸಿಯಲ್ಲಿ, ಒಟ್ಟು 12 ಹಗಲು ಧಾರಾವಾಹಿಗಳು ಸೋಮವಾರದಿಂದ ಶುಕ್ರವಾರದ ತನಕ ದಿನವೂ ಬರುತ್ತಿದ್ದವು. 2012ರ ಜನವರಿ ಮುಗಿಯುವ ಹೊತ್ತಿಗೆ ಉಳಿದದ್ದು ನಾಲ್ಕೇ. ಯಾಕೆ ಹೀಗಾಯಿತು ಎಂದು ಕೇಳಿದರೆ ಎರಡು ಉತ್ತರ ಸದಾ ಸಿದ್ಧ: ಹೆಂಗಸರು ಕೆಲಸಕ್ಕೆ ಹೋಗತೊಡಗಿದರು, ಅಥವಾ ಕೊಲೆ ಆರೋಪ ಹೊತ್ತ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್‌ರ, ಟಿವಿಯಲ್ಲಿ ನೇರವಾಗಿ ಬಂದ ವಿಚಾರಣೆ ಎಲ್ಲವನ್ನೂ ಕೆಡಿಸಿತು. ಎರಡರಲ್ಲೂ ಸತ್ಯವಿದೆ, ಆದರೆ ಎರಡೂ ಸಾಲುವುದಿಲ್ಲ. ಹೊರಗಿನ ಏಟಿಗಿಂತ ಆ ಏಟಿಗೆ ಮಾಡಿಕೊಂಡ ಮದ್ದೇ ಹೆಚ್ಚು ಹಾನಿ ಮಾಡಿತು. ಅದನ್ನು ಅರ್ಥಮಾಡಿಕೊಳ್ಳಬೇಕಾದರೆ ಈ ಕಾರ್ಯಕ್ರಮಗಳು ಯಾವ ಹಣದಿಂದ, ಯಾವ ಲೆಕ್ಕಾಚಾರದಲ್ಲಿ ತಯಾರಾಗುತ್ತಿದ್ದವು ಎಂಬುದನ್ನು ಮೊದಲು ನೋಡಬೇಕು.

ಸೋಪು ಮಾರಲು ಹುಟ್ಟಿದ ಕತೆ

1930ರಲ್ಲಿ ಶಿಕಾಗೋದ ಡಬ್ಲ್ಯುಜಿಎನ್ ರೇಡಿಯೊ ಕೇಂದ್ರಕ್ಕೆ ಇರ್ನಾ ಫಿಲಿಪ್ಸ್ ದಿನವಹಿ ಕತೆಯೊಂದನ್ನು ಬರೆಯತೊಡಗಿದರು. ಹಗಲಿನಲ್ಲಿ ಮನೆಯಲ್ಲಿರುವ ಗೃಹಿಣಿಯರನ್ನು ತಲುಪಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂದು ಸೋಪು ಕಂಪನಿಗಳಿಗೆ ಬೇಗನೆ ಹೊಳೆಯಿತು. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಜಾಹೀರಾತು ಕೊಟ್ಟು ಸುಮ್ಮನಾಗಲಿಲ್ಲ, ಧಾರಾವಾಹಿಗಳನ್ನು ತಾನೇ ತಯಾರಿಸಿತು. 'ಸೋಪ್ ಆಪೆರಾ' ಎಂಬ ಹೆಸರು ಅಂಟಿಕೊಂಡದ್ದು ಹಾಗೆ. ಇರ್ನಾ ಫಿಲಿಪ್ಸ್ 1937ರಲ್ಲಿ ರೇಡಿಯೊದಲ್ಲಿ ಆರಂಭಿಸಿದ 'ಗೈಡಿಂಗ್ ಲೈಟ್' 1952ರಲ್ಲಿ ಟಿವಿಗೆ ಬಂತು, 2009ರ ಸೆಪ್ಟೆಂಬರ್ 18ರವರೆಗೆ ನಡೆಯಿತು. ಒಂದೇ ಕತೆ, 72 ವರ್ಷ.

ಮೊದಮೊದಲು ಒಂದು ಕಂತು 15 ನಿಮಿಷದ್ದು. 1956ರ ಏಪ್ರಿಲ್ 2ರಂದು ಸಿಬಿಎಸ್‌ನಲ್ಲಿ 'ಆ್ಯಸ್ ದ ವರ್ಲ್ಡ್ ಟರ್ನ್ಸ್' ಮತ್ತು 'ದ ಎಡ್ಜ್ ಆಫ್ ನೈಟ್' ಒಂದೇ ದಿನ ಆರಂಭವಾಗಿ ಕಂತಿನ ಅಳತೆಯನ್ನು ಅರ್ಧ ಗಂಟೆಗೆ ಏರಿಸಿದವು. 1975ರ ಜನವರಿಯಲ್ಲಿ ಎನ್‌ಬಿಸಿಯ 'ಅನದರ್ ವರ್ಲ್ಡ್' ಒಂದು ಗಂಟೆಗೆ ಹಿಗ್ಗಿತು, ಗೆದ್ದಿತು. ಉಳಿದವೂ ಅದೇ ದಾರಿ ಹಿಡಿದವು. ಅದನ್ನೇ 1979ರಲ್ಲಿ ಒಂದೂವರೆ ಗಂಟೆಗೆ ಎಳೆದದ್ದು ಅತಿಯಾಯಿತು. ಮರುವರ್ಷವೇ ಹಿಂದೆ ಸರಿಯಬೇಕಾಯಿತು.

ಒಂದು ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಕತೆಗೆ ಸಿಗುವುದು ಸುಮಾರು 37 ನಿಮಿಷ. ವರ್ಷಕ್ಕೆ ಸುಮಾರು 250 ಕಂತು ಎಂದು ಹಿಡಿದರೆ 150 ಗಂಟೆಗೂ ಹೆಚ್ಚು ಕತೆ. ರಾತ್ರಿಯ ನಾಟಕ ಸರಣಿಯೊಂದು 22 ಕಂತು ಮಾಡಿದರೆ ಅದರ ಒಟ್ಟು ಕತೆ ಹದಿನಾರು ಗಂಟೆ ಮುಟ್ಟುತ್ತದೆ, ಅಷ್ಟೆ. ಹಗಲಿನವರು ಅದರ ಒಂಬತ್ತು ಪಟ್ಟಿಗಿಂತ ಹೆಚ್ಚನ್ನು, ಬೇಸಿಗೆ ರಜೆಯಿಲ್ಲದೆ, ಮರುಪ್ರಸಾರದ ಆಸರೆಯಿಲ್ಲದೆ ಕೊಡಬೇಕು. ನಿನ್ನೆಯ ಕಂತನ್ನು ಇನ್ನೊಮ್ಮೆ ಮಾರಿ ಹಣ ಮಾಡುವ ದಾರಿಯೂ ಇವಕ್ಕೆ ಹೆಚ್ಚಾಗಿ ಇರಲಿಲ್ಲ. ಹಾಗಾಗಿ ಖರ್ಚೆಲ್ಲ ಆ ದಿನದ ಜಾಹೀರಾತಿನಲ್ಲೇ ಹುಟ್ಟಬೇಕು.

ಬರವಣಿಗೆಯ ಸರಪಳಿ

ಇಷ್ಟು ಕತೆಯನ್ನು ಒಬ್ಬರು ಬರೆಯಲಾರರು. ಹೆಡ್ ರೈಟರ್, ಅಂದರೆ ಮುಖ್ಯ ಬರಹಗಾರರು, ಆರು ತಿಂಗಳಿಂದ ಒಂದು ವರ್ಷದ ಕತೆಯ ದಾರಿಯನ್ನು ಬರೆದು ಜಾಲದ ಒಪ್ಪಿಗೆ ಪಡೆಯುತ್ತಾರೆ. ಅದನ್ನು ವಾರಗಳಾಗಿ, ಆಮೇಲೆ ದಿನಗಳಾಗಿ ಒಡೆಯುವುದು ಬ್ರೇಕ್‌ಡೌನ್ ಬರೆಯುವವರ ಕೆಲಸ: ಯಾವ ದೃಶ್ಯದಲ್ಲಿ ಯಾರಿರುತ್ತಾರೆ, ಯಾರಿಗೆ ಏನು ತಿಳಿಯುತ್ತದೆ, ಜಾಹೀರಾತಿಗೆ ಮುಂಚೆ ದೃಶ್ಯ ಎಲ್ಲಿ ನಿಲ್ಲುತ್ತದೆ. ಅದರ ಮೇಲೆ ಇನ್ನೊಬ್ಬರು ಸಂಭಾಷಣೆ ಬರೆಯುತ್ತಾರೆ. ಐದು ಕೈಗಳಲ್ಲಿ ಬರೆದದ್ದು ಒಂದೇ ಊರಿನ ಮಾತಿನಂತೆ ಕೇಳಿಸುವ ಹಾಗೆ ಸ್ಕ್ರಿಪ್ಟ್ ಎಡಿಟರ್ ತಿದ್ದುತ್ತಾರೆ.

ಈ ಸರಪಳಿ ಉದ್ದವಾದ್ದರಿಂದ ತಪ್ಪು ಪರದೆಯ ಮೇಲೆ ಕಾಣುವಾಗ ತಡವಾಗಿರುತ್ತದೆ, ತಿದ್ದಿದ್ದು ಕಾಣಲು ಇನ್ನೂ ತಡ. ಹೆಡ್ ರೈಟರ್ ಬದಲಾದರೂ ಹಿಂದಿನವರ ಕಂತುಗಳು ವಾರಗಟ್ಟಲೆ ಬರುತ್ತಲೇ ಇರುತ್ತವೆ. ರೇಟಿಂಗ್ ಬಿದ್ದಾಗಲೆಲ್ಲ ಹೆಡ್ ರೈಟರನ್ನು ಬದಲಿಸುವುದು ಜಾಲಗಳ ಮೊದಲ ಔಷಧವಾಗಿತ್ತು. ಹೊಸಬರು ಹಿಂದಿನ ಕತೆಯನ್ನು ಅರ್ಧಕ್ಕೇ ಕೈಬಿಟ್ಟು, ತಮ್ಮದೇ ಪಾತ್ರಗಳನ್ನು ಊರಿಗೆ ಕರೆತಂದು, ಹಳಬರನ್ನು ಮೂಲೆಗೆ ಸರಿಸುತ್ತಿದ್ದರು. ಎರಡು ವರ್ಷ ಒಂದು ಕತೆಯನ್ನು ನಂಬಿ ಕೂತ ನೋಡುಗರಿಗೆ ಸಿಗುತ್ತಿದ್ದದ್ದು ಅರ್ಧದಲ್ಲೇ ಕಡಿದುಹೋದ ಎಳೆ. ನನ್ನ ಮಟ್ಟಿಗೆ ನೋಡುಗರ ನಂಬಿಕೆಯನ್ನು ಇದರಷ್ಟು ಕೊಂದದ್ದು ಬೇರೊಂದಿಲ್ಲ.

ಇದನ್ನು ಚೆನ್ನಾಗಿ ಅರಿತಿದ್ದವರು 1985ರಿಂದ 1993ರಲ್ಲಿ ತೀರಿಕೊಳ್ಳುವ ತನಕ 'ಆ್ಯಸ್ ದ ವರ್ಲ್ಡ್ ಟರ್ನ್ಸ್' ಬರೆದ ಡಗ್ಲಸ್ ಮಾರ್ಲ್ಯಾಂಡ್. ಹೆಡ್ ರೈಟರ್ ಆಗುವವರಿಗೆ ಅವರ ಸಲಹೆಗಳು ತೀರಾ ಸರಳ: ಧಾರಾವಾಹಿಯ ಹಿಂದಿನ ಕತೆಯನ್ನು ಓದಿಕೊಳ್ಳಿ, ಆರು ತಿಂಗಳು ಯಾರನ್ನೂ ಕೆಲಸದಿಂದ ತೆಗೆಯಬೇಡಿ, ಹೊಸ ಪಾತ್ರಗಳನ್ನು ನಿಧಾನವಾಗಿ ಬೆಳೆಸಿ, ಮೂಲ ಪಾತ್ರದ ಸ್ವಭಾವವನ್ನು ಬದಲಿಸಬೇಡಿ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಇವುಗಳಲ್ಲಿ ಮುರಿಯದೆ ಉಳಿದದ್ದು ಒಂದೂ ಇಲ್ಲ.

ಏರುಗಾಲದ ಗುಟ್ಟು

ಹೆಂಗಸರು ದುಡಿಯಲು ಹೋದದ್ದರಿಂದ ಧಾರಾವಾಹಿ ಸತ್ತಿತು ಎನ್ನುವ ವಾದಕ್ಕೆ ಕಾಲದ ಲೆಕ್ಕ ಹೊಂದುವುದಿಲ್ಲ. ಅಮೆರಿಕದಲ್ಲಿ 1950ರಲ್ಲಿ ಸುಮಾರು 34 ಶೇಕಡಾ ಮಹಿಳೆಯರು ದುಡಿಯುವವರ ಲೆಕ್ಕದಲ್ಲಿದ್ದರು, 1970ರಲ್ಲಿ 43, 1981ರ ಹೊತ್ತಿಗೆ 52. ಧಾರಾವಾಹಿಗಳು ಉತ್ತುಂಗದಲ್ಲಿದ್ದದ್ದು ಅದೇ 1981ರಲ್ಲಿ. ಆ ವರ್ಷದ ನವೆಂಬರ್ 16 ಮತ್ತು 17ರಂದು 'ಜನರಲ್ ಹಾಸ್ಪಿಟಲ್'ನಲ್ಲಿ ನಡೆದ ಲ್ಯೂಕ್ ಮತ್ತು ಲಾರಾರ ಮದುವೆಯನ್ನು ಸುಮಾರು 3 ಕೋಟಿ ಜನ ನೋಡಿದರು. ಹಗಲು ಧಾರಾವಾಹಿಯ ಯಾವ ಕಂತೂ ಆ ಸಂಖ್ಯೆಯನ್ನು ಮತ್ತೆ ಮುಟ್ಟಿಲ್ಲ.

ಅರ್ಧಕ್ಕರ್ಧ ಮಹಿಳೆಯರು ಮನೆಯಿಂದ ಹೊರಗಿದ್ದಾಗ ಇದು ಸಾಧ್ಯವಾದದ್ದು ಹೇಗೆ? 1978ರಲ್ಲಿ ನಿರ್ಮಾಪಕಿಯಾಗಿ ಬಂದ ಗ್ಲೋರಿಯಾ ಮಾಂಟಿ 'ಜನರಲ್ ಹಾಸ್ಪಿಟಲ್'ನ ವೇಗ ಹೆಚ್ಚಿಸಿದರು. ಎರಡು ಮಾತಿನ ನಡುವಿನ ದೀರ್ಘ ಮೌನ ಹೋಯಿತು, ದೃಶ್ಯಗಳು ಚಿಕ್ಕದಾದವು, ಹರೆಯದವರ ಕತೆ ಮುಂದೆ ಬಂತು. ಕಾಲೇಜು ಹಾಸ್ಟೆಲುಗಳ ಟಿವಿ ಕೋಣೆಗಳು ಮಧ್ಯಾಹ್ನ ತುಂಬತೊಡಗಿದವು. ಜತೆಗೆ ವಿಸಿಆರ್ ಮನೆಗಳಿಗೆ ಬರತೊಡಗಿತ್ತು. ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಕಾನೂನುಬಾಹಿರವಲ್ಲ ಎಂದು ಸುಪ್ರೀಂ ಕೋರ್ಟ್ 1984ರ ಜನವರಿಯಲ್ಲಿ ಸೋನಿ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಕೆಲಸಕ್ಕೆ ಹೋದವರೂ ಕತೆಯನ್ನು ಬಿಟ್ಟಿರಲಿಲ್ಲ, ಸಂಜೆ ಬಂದು ನೋಡುತ್ತಿದ್ದರು.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವ ಲೆಕ್ಕದ ಪುಸ್ತಕದಲ್ಲೂ ಕಾಣದ ಸಂಗತಿ. ಈ ಕತೆಗಳಿಗೆ ನೋಡುಗರು ಬರುತ್ತಿದ್ದದ್ದು ಜಾಹೀರಾತು ನೋಡಿ ಅಲ್ಲ. ಅಜ್ಜಿಯ ಪಕ್ಕ ಕೂತ ಮಗು, ಶಾಲೆಯಿಂದ ಮರಳಿ ಅಮ್ಮನ ಜತೆ ಕೊನೆಯ ಅರ್ಧ ಗಂಟೆ ನೋಡಿದ ಹುಡುಗಿ, ಜ್ವರವೆಂದು ಮನೆಯಲ್ಲಿ ಉಳಿದ ಹುಡುಗ: ನೋಡುಗರು ಬರುತ್ತಿದ್ದದ್ದು ಹೀಗೆ. 'ಇವಳು ಯಾರು, ಅವನ ಮೇಲೆ ಇವಳಿಗೇಕೆ ಸಿಟ್ಟು' ಎಂದು ಮಗು ಕೇಳುತ್ತದೆ, ಅಜ್ಜಿ ಇಪ್ಪತ್ತು ವರ್ಷದ ಹಿಂದಿನ ಕತೆ ಹೇಳುತ್ತಾಳೆ. ಹಗಲು ಧಾರಾವಾಹಿಯ ನಿಜವಾದ ಬಂಡವಾಳ ಈ ನೆನಪು. ಅದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದವರು ವಯಸ್ಸಾದ ನೋಡುಗರು.

ಈ ನಂಬಿಕೆಯಿದ್ದುದರಿಂದಲೇ ರಾತ್ರಿಯ ಟಿವಿ ಮುಟ್ಟದ ವಿಷಯಗಳನ್ನು ಇವು ಎತ್ತಿಕೊಂಡವು. 1962ರಲ್ಲಿ 'ಗೈಡಿಂಗ್ ಲೈಟ್'ನ ಬರ್ಟ್ ಪಾತ್ರದ ಮೂಲಕ ಆ್ಯಗ್ನೆಸ್ ನಿಕ್ಸನ್ ಗರ್ಭಕೋಶದ ಕ್ಯಾನ್ಸರ್ ತಪಾಸಣೆಯ ಕತೆ ಬರೆದರು. 'ಕ್ಯಾನ್ಸರ್' ಎಂಬ ಪದವನ್ನೇ ಬಳಸಬಾರದು ಎಂಬ ಕಟ್ಟುಪಾಡಿನೊಳಗೆ ಅದನ್ನು ಸಾಧಿಸಿದರು. 1973ರಲ್ಲಿ 'ಆಲ್ ಮೈ ಚಿಲ್ಡ್ರನ್'ನ ಎರಿಕಾ ಕೇನ್ ಗರ್ಭಪಾತ ಮಾಡಿಸಿಕೊಂಡಳು. ವರ್ಷಗಟ್ಟಲೆ ದಿನವೂ ಮನೆಗೆ ಬರುವ ಪಾತ್ರವೇ ಇಂಥ ಮಾತು ಆಡಿದರೆ ಕೇಳುವ ಕಿವಿ ಬೇರೆ.

ರೇಟಿಂಗಿನ ಲೆಕ್ಕ, ವಯಸ್ಸಿನ ಲೆಕ್ಕ

ನೋಡುಗರ ಲೆಕ್ಕ ಹಿಡಿಯುವ ನೀಲ್ಸನ್ ಸಂಸ್ಥೆಯ ರೇಟಿಂಗಿನ ಒಂದು ಅಂಕ ಎಂದರೆ ಟಿವಿ ಇರುವ ಎಲ್ಲ ಮನೆಗಳ ಒಂದು ಶೇಕಡಾ. ಆ ಹೊತ್ತಿನಲ್ಲಿ ಟಿವಿ ಹಾಕಿರುವ ಮನೆಗಳಲ್ಲಿ ಎಷ್ಟು ಪಾಲು ಎಂಬುದು 'ಶೇರ್'. ಎರಡನ್ನೂ ಕಲಸಿ ಓದಬಾರದು. 1981–82ರಲ್ಲಿ 'ಜನರಲ್ ಹಾಸ್ಪಿಟಲ್'ನ ವರ್ಷದ ಸರಾಸರಿ 11.2. ಆಗ ದೇಶದಲ್ಲಿ ಟಿವಿ ಇದ್ದ ಮನೆಗಳು 8 ಕೋಟಿಗೆ ತುಸು ಹೆಚ್ಚು, ಅಂದರೆ ದಿನಕ್ಕೆ ಸುಮಾರು 90 ಲಕ್ಷ ಮನೆ.

ಜಾಹೀರಾತುದಾರ ಹಣ ಕೊಡುವುದು ಈ ಒಟ್ಟು ಸಂಖ್ಯೆಗಲ್ಲ. ಹಗಲಿನ ಹೊತ್ತು ಮಾರಾಟವಾಗುವುದು 18ರಿಂದ 49 ವಯಸ್ಸಿನ ಮಹಿಳೆಯರ ಸಂಖ್ಯೆಯ ಮೇಲೆ. ಮೂವತ್ತು ವರ್ಷ ಒಂದು ದಿನವೂ ತಪ್ಪಿಸದ ಅರವತ್ತರ ಹೆಂಗಸಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಹಾಗಾಗಿ ಜಾಲದ ಕಚೇರಿಯಿಂದ ಪದೇಪದೇ ಬರುತ್ತಿದ್ದ ಆದೇಶ ಒಂದೇ: ಕತೆಯನ್ನು ಎಳೆಯರ ಕಡೆಗೆ ತಿರುಗಿಸಿ. ಐವತ್ತು ದಾಟಿದ ಪಾತ್ರಗಳು ಮಗಳ ಮದುವೆಯಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಒಂದೆರಡು ಮಾತಿಗೆ ಮಾತ್ರ ಕಾಣಿಸತೊಡಗಿದವು. ಊರಿಗೆ ಸಂಬಂಧವೇ ಇಲ್ಲದ, ಯಾರ ಮಕ್ಕಳೆಂದೂ ತಿಳಿಯದ ಇಪ್ಪತ್ತರ ಹುಡುಗ ಹುಡುಗಿಯರು ಕಂತು ತುಂಬಿದರು. ಅಜ್ಜಿಗೆ ಬೇಸರವಾಯಿತು, ಟಿವಿ ಆರಿಸಿದಳು. ಅವಳ ಪಕ್ಕ ಕೂರಬೇಕಿದ್ದ ಮೊಮ್ಮಗಳಿಗೆ ಆ ಕತೆ ಇದೆಯೆಂದೇ ತಿಳಿಯಲಿಲ್ಲ. ಎಳೆಯ ನೋಡುಗರನ್ನು ಹಿಡಿಯಲು ಹೋಗಿ, ಎಳೆಯರು ಬರುತ್ತಿದ್ದ ಬಾಗಿಲನ್ನೇ ಮುಚ್ಚಿದರು. ಬಿತ್ತನೆಯ ಬೀಜವನ್ನೇ ಬೇಯಿಸಿ ಉಂಡ ಹಾಗಾಯಿತು.

ಸಿಂಪ್ಸನ್ ವಿಚಾರಣೆಯ ಏಟು

1995ರ ಜನವರಿ 24ರಂದು ಸಿಂಪ್ಸನ್ ಮೊಕದ್ದಮೆಯ ಆರಂಭಿಕ ವಾದ ಶುರುವಾಯಿತು, ಅಕ್ಟೋಬರ್ 3ಕ್ಕೆ ತೀರ್ಪು ಬಂತು. ನ್ಯಾಯಾಲಯ ಲಾಸ್ ಏಂಜಲಿಸ್‌ನಲ್ಲಿ. ಅಲ್ಲಿ ಬೆಳಿಗ್ಗೆ 9 ಎಂದರೆ ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 12. ಹಾಗಾಗಿ ಕಲಾಪ ಪೂರ್ವ ಕರಾವಳಿಯಲ್ಲಿ ಧಾರಾವಾಹಿಗಳ ಹೊತ್ತಿನ ಮೇಲೇ ಬಿತ್ತು. ಕತೆಯನ್ನು ಒಂಬತ್ತು ತಿಂಗಳು ಪೂರ್ತಿ ನಿಲ್ಲಿಸಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲವೇನೋ. ಆದದ್ದು ಬೇರೆ: ಇವತ್ತು ಕಂತು ಬರುತ್ತದೋ ಇಲ್ಲವೋ, ಬಂದರೂ ನಡುವೆ ಕಡಿದು ನ್ಯಾಯಾಲಯಕ್ಕೆ ಹೋಗುತ್ತಾರೋ, ಯಾರಿಗೂ ಗೊತ್ತಿರಲಿಲ್ಲ. ವಿಸಿಆರ್‌ಗೆ ಹೊತ್ತು ಹೊಂದಿಸಿ ಹೋದವರಿಗೆ ಸಂಜೆ ಸಿಕ್ಕಿದ್ದು ವಕೀಲರ ವಾದ. ದಿನವೂ ಒಂದೇ ಹೊತ್ತಿಗೆ ಬರುತ್ತದೆ ಎಂಬ ಭರವಸೆಯ ಮೇಲೆ ನಿಂತ ಕಲೆಗೆ ಇದು ಕಾಲಿನ ಮೇಲೇ ಬಿದ್ದ ಪೆಟ್ಟು. ಒಮ್ಮೆ ತಪ್ಪಿದ ರೂಢಿ ಅನೇಕರಿಗೆ ಮರಳಲಿಲ್ಲ. ಬಾಡಿಗೆ ನಟರಿಲ್ಲದೆ, ಬರಹಗಾರರಿಲ್ಲದೆ ನ್ಯಾಯಾಲಯವೇ ದಿನವಹಿ ಕತೆ ಕೊಡಬಲ್ಲದು ಎಂಬುದನ್ನೂ ಜಾಲಗಳು, ಅವುಗಳ ಕಾರ್ಯಕ್ರಮಗಳನ್ನು ಆಯಾ ಊರಿನಲ್ಲಿ ಪ್ರಸಾರ ಮಾಡುವ ಸ್ಥಳೀಯ ಕೇಂದ್ರಗಳು ಕಂಡುಕೊಂಡವು. ಮರುವರ್ಷ 1996ರ ಸೆಪ್ಟೆಂಬರಿನಲ್ಲಿ ಜಗಳಗಳ ವಿಚಾರಣೆಯನ್ನೇ ಕಾರ್ಯಕ್ರಮವಾಗಿಸಿದ 'ಜಡ್ಜ್ ಜೂಡಿ' ಆರಂಭವಾಯಿತು.

ಆದರೆ ಇಳಿಜಾರು 1995ರಲ್ಲಿ ಶುರುವಾದದ್ದಲ್ಲ. ಎಂಬತ್ತರ ದಶಕದ ನಡುವಿನಿಂದಲೇ ಕೇಬಲ್ ಚಾನೆಲ್ಲುಗಳು ನೋಡುಗರನ್ನು ಹಂಚಿಕೊಳ್ಳುತ್ತಿದ್ದವು. ಮುಂದುವರಿಯುವ ಕತೆಯ ರುಚಿಯನ್ನು ರಾತ್ರಿಯ ಸರಣಿಗಳೂ ಕಲಿತಿದ್ದವು. ಸ್ಥಳೀಯ ಕೇಂದ್ರಗಳಿಗೆ ಇನ್ನೊಂದು ಆಮಿಷವಿತ್ತು. ಜಾಲದ ಧಾರಾವಾಹಿಯ ನಡುವೆ ಅವು ಮಾರಬಹುದಾದ ಜಾಹೀರಾತು ನಿಮಿಷಗಳು ಕಡಿಮೆ, ತಾವೇ ಕೊಂಡ ಟಾಕ್ ಶೋದಲ್ಲಿ ಹೆಚ್ಚು. ಹಾಗಾಗಿ ಮಧ್ಯಾಹ್ನದ ಹೊತ್ತನ್ನು ಜಾಲದಿಂದ ಬಿಡಿಸಿಕೊಳ್ಳಲು, ಇಲ್ಲವೇ ಧಾರಾವಾಹಿಯನ್ನು ಅಡ್ಡಹೊತ್ತಿಗೆ ತಳ್ಳಲು ಅವಕ್ಕೆ ಸದಾ ಕಾರಣವಿತ್ತು.

ವಿಚಾರಣೆಯ ನಂತರದ ಪ್ರತಿಕ್ರಿಯೆಯೂ ದಾರಿ ತಪ್ಪಿತು. 'ಡೇಸ್ ಆಫ್ ಅವರ್ ಲೈವ್ಸ್'ನಲ್ಲಿ ಹೆಡ್ ರೈಟರ್ ಜೇಮ್ಸ್ ಇ. ರೈಲಿ ಒಂದು ಪಾತ್ರವನ್ನು ಜೀವಂತ ಹೂಳಿಸಿದ್ದರು, ಮಾರ್ಲೀನಾ ಎಂಬ ಇನ್ನೊಂದು ಪಾತ್ರದ ಮೈಮೇಲೆ ದೆವ್ವ ಬರಿಸಿದ್ದರು. ಅದು ಗೆದ್ದಿತು. ಬೇರೆಯವರು ನಕಲಿಗೆ ಇಳಿದರು. 1998ರಲ್ಲಿ 'ಗೈಡಿಂಗ್ ಲೈಟ್' ತನ್ನ ರೀವಾ ಪಾತ್ರಕ್ಕೆ ಪ್ರಯೋಗಾಲಯದಲ್ಲಿ ತದ್ರೂಪಿಯನ್ನು ಸೃಷ್ಟಿಸಿತು. ಅಡುಗೆಮನೆಯ ಮೇಜಿನ ಸುತ್ತಲ ಮಾತಿನಿಂದ ಬದುಕಿದ್ದ ಆ ಕುಟುಂಬದ ಕತೆಗೆ ಅದು ಒಗ್ಗಲೇ ಇಲ್ಲ.

ಸ್ಟುಡಿಯೊದಲ್ಲಿ ಕತ್ತರಿ ಬಿದ್ದದ್ದು

ಹಗಲು ಧಾರಾವಾಹಿಯ ಚಿತ್ರೀಕರಣ ಮೂರು ಗೋಡೆಯ ಸೆಟ್‌ಗಳಲ್ಲಿ ನಡೆಯುತ್ತದೆ. ನಾಲ್ಕನೆಯ ಗೋಡೆಯ ಜಾಗದಲ್ಲಿ ಮೂರ್ನಾಲ್ಕು ಕ್ಯಾಮೆರಾ. ಒಂದು ದೃಶ್ಯವನ್ನು ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಹಿಡಿಯುತ್ತವೆ, ನಿರ್ದೇಶಕ ಕಂಟ್ರೋಲ್ ರೂಮಿನಿಂದ ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತಾರೆ. ಹಿಂದೆ ದಿನಕ್ಕೆ ಒಂದು ಕಂತು, ಬೆಳಿಗ್ಗೆ ತಾಲೀಮು, ಮಧ್ಯಾಹ್ನ ಚಿತ್ರೀಕರಣ. ರಾತ್ರಿ ಸೆಟ್ ಬಿಚ್ಚಿ ಮರುದಿನದ್ದನ್ನು ಕಟ್ಟುವುದು. ನಟರಿಗೆ ನಾಲ್ಕು ದರ್ಜೆ: ಒಪ್ಪಂದದವರು, ಆಗಾಗ ಬರುವವರು, ಐದು ಸಾಲು ಮೀರದ ಮಾತಿನ 'ಅಂಡರ್ ಫೈವ್' ಮತ್ತು ಮಾತಿಲ್ಲದವರು. ಒಪ್ಪಂದದವರಿಗೆ ವಾರಕ್ಕೆ ಇಷ್ಟು ಕಂತಿನ ಸಂಬಳ ಖಾತ್ರಿ, ಆದರೆ ನಿರ್ಮಾಪಕರು 13 ಅಥವಾ 26 ವಾರಕ್ಕೊಮ್ಮೆ ಒಪ್ಪಂದ ಕೊನೆಗೊಳಿಸಬಹುದು.

ಆದಾಯ ಕುಗ್ಗಿದಾಗ ಕತ್ತರಿ ಬಿದ್ದದ್ದು ಇವೆಲ್ಲದರ ಮೇಲೆ. ತಾಲೀಮು ಹೋಯಿತು, ಒಂದೇ ಟೇಕ್ ರೂಢಿಯಾಯಿತು. ಒಂದು ಸೆಟ್ ಕಟ್ಟಿದರೆ ಹಲವು ಕಂತುಗಳಲ್ಲಿ ಅಲ್ಲಿ ನಡೆಯುವ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸುವ ಪದ್ಧತಿ ಬಂತು. ವಾರದಲ್ಲಿ ಐದಕ್ಕಿಂತ ಹೆಚ್ಚು ಕಂತು ತೆಗೆದು, ಆಮೇಲೆ ಸ್ಟುಡಿಯೊವನ್ನು ವಾರಗಟ್ಟಲೆ ಮುಚ್ಚಿ ಬಾಡಿಗೆ, ಕೂಲಿ ಉಳಿಸಿದರು. ಒಂದು ಕಂತಿಗೆ ಇಷ್ಟೇ ಸೆಟ್, ಇಷ್ಟೇ ನಟರು ಎಂಬ ಮಿತಿ ಬಂದಾಗ ಊರು ಕುಗ್ಗಿತು. ಮದುವೆಗೆ ಹತ್ತು ಜನ, ಶವಸಂಸ್ಕಾರಕ್ಕೆ ಸತ್ತವನ ತಮ್ಮನೇ ಗೈರು, ಎಲ್ಲ ಗುಟ್ಟೂ ಒಂದೇ ಕಾಫಿ ಅಂಗಡಿಯಲ್ಲಿ. ತಮ್ಮ ಯಾಕೆ ಬರಲಿಲ್ಲ ಎಂದು ನೋಡುಗರಿಗೆ ಅನಿಸಿದ ಕ್ಷಣವೇ ಕತೆಯ ಮೇಲಿನ ಹಿಡಿತ ಸಡಿಲಾಗುತ್ತದೆ.

'ಗೈಡಿಂಗ್ ಲೈಟ್' 2008ರ ಫೆಬ್ರವರಿ 29ರಿಂದ ಇದೆಲ್ಲವನ್ನೂ ಬಿಟ್ಟು ಹೊಸ ದಾರಿ ಹಿಡಿಯಿತು. ಕೈಯಲ್ಲಿ ಹಿಡಿಯುವ ಚಿಕ್ಕ ಡಿಜಿಟಲ್ ಕ್ಯಾಮೆರಾ, ನಾಲ್ಕು ಗೋಡೆಯ ಕಾಯಂ ಕೋಣೆಗಳು, ನ್ಯೂಜೆರ್ಸಿಯ ಪೀಪ್ಯಾಕ್ ಊರಿನ ನಿಜವಾದ ಮನೆ, ಬೀದಿ. ಯೋಚನೆ ಒಳ್ಳೆಯದೇ: ಸೆಟ್ ಕಟ್ಟಿ ಬಿಚ್ಚುವ ಖರ್ಚಿಲ್ಲ, ಹೊರಗಿನ ಗಾಳಿ ಬೆಳಕು ಸಿಗುತ್ತದೆ. ಆದರೆ ಆರಂಭದ ತಿಂಗಳುಗಳಲ್ಲಿ ಚಿತ್ರ ಅಲುಗಾಡುತ್ತಿತ್ತು, ಗಾಳಿಯ ಸದ್ದಿನಲ್ಲಿ ಮಾತು ಮುಳುಗುತ್ತಿತ್ತು, ಮುಖದ ಮೇಲೆ ನೆರಳು. ಮುಖವೇ ಕತೆಯಾಗಿರುವ ಕಡೆ ಮುಖ ಕಾಣದಿದ್ದರೆ ಉಳಿಯುವುದೇನು? ತಂಡ ಕಲಿಯುತ್ತ ಬಂತು, ಕೊನೆಯ ತಿಂಗಳುಗಳ ಕಂತುಗಳು ನಿಜಕ್ಕೂ ಸುಂದರ. ಅಷ್ಟರಲ್ಲಿ ಬಿಟ್ಟುಹೋದವರು ಮರಳುವಂತಿರಲಿಲ್ಲ.

ಆಮೇಲೆ ಒಂದರ ಹಿಂದೆ ಒಂದು. 2010ರ ಸೆಪ್ಟೆಂಬರ್ 17ಕ್ಕೆ 'ಆ್ಯಸ್ ದ ವರ್ಲ್ಡ್ ಟರ್ನ್ಸ್', 2011ರ ಸೆಪ್ಟೆಂಬರ್ 23ಕ್ಕೆ 'ಆಲ್ ಮೈ ಚಿಲ್ಡ್ರನ್', 2012ರ ಜನವರಿ 13ಕ್ಕೆ 'ಒನ್ ಲೈಫ್ ಟು ಲಿವ್' ಮುಗಿದವು. ಬದಲಿಗೆ ಬಂದವು ಆಟ, ಅಡುಗೆ, ಮಾತುಕತೆಯ ಅಗ್ಗದ ಕಾರ್ಯಕ್ರಮಗಳು. ಒಂದು ಮೇಜು, ಐದು ಕುರ್ಚಿ, ಒಂದೇ ಸೆಟ್: ಇಂಥದ್ದಕ್ಕೆ ನೋಡುಗರು ಕಡಿಮೆಯಾದರೂ ಲಾಭ ಉಳಿಯುತ್ತದೆ. ಜಾಲದ ತೀರ್ಮಾನ ನಿಂತದ್ದು ಎಷ್ಟು ಜನ ನೋಡುತ್ತಾರೆ ಎಂಬುದರ ಮೇಲಲ್ಲ, ಖರ್ಚು ಕಳೆದು ಎಷ್ಟು ಉಳಿಯುತ್ತದೆ ಎಂಬುದರ ಮೇಲೆ. ಕೊನೆಯ ಎರಡನ್ನು ನಿಲ್ಲಿಸುವ ಎಬಿಸಿಯ ತೀರ್ಮಾನವನ್ನು ಪ್ರತಿಭಟಿಸಿ ವ್ಯಾಕ್ಯೂಮ್ ಕ್ಲೀನರ್ ತಯಾರಿಸುವ ಹೂವರ್ ಕಂಪನಿ ಆ ಜಾಲದಿಂದ ಜಾಹೀರಾತು ಹಿಂದೆಗೆದುಕೊಂಡರೂ ಏನೂ ಬದಲಾಗಲಿಲ್ಲ.

ಅಂತರ್ಜಾಲದಲ್ಲಿ ಕಲಿತ ಪಾಠ

ಪ್ರಾಸ್ಪೆಕ್ಟ್ ಪಾರ್ಕ್ ಎಂಬ ಸಂಸ್ಥೆ 2013ರ ಏಪ್ರಿಲ್ 29ರಂದು 'ಆಲ್ ಮೈ ಚಿಲ್ಡ್ರನ್' ಮತ್ತು 'ಒನ್ ಲೈಫ್ ಟು ಲಿವ್' ಎರಡನ್ನೂ ಹೂಲು ಎಂಬ ಅಂತರ್ಜಾಲ ವೇದಿಕೆಯಲ್ಲಿ ಅರ್ಧ ಗಂಟೆಯ ಕಂತುಗಳಾಗಿ ಮರಳಿ ತಂದಿತು. ವಾರಕ್ಕೆ ನಾಲ್ಕು ಕಂತು ಎಂದು ಶುರುಮಾಡಿ ಕೆಲವೇ ವಾರಗಳಲ್ಲಿ ಎರಡಕ್ಕೆ ಇಳಿಸಿತು. ನೋಡುಗರು ಗುಡ್ಡೆ ಹಾಕಿಕೊಂಡು ಆಮೇಲೆ ನೋಡುತ್ತಿದ್ದಾರೆ, ಹಿಂದೆ ಬೀಳುತ್ತಿದ್ದಾರೆ ಎಂಬುದು ಕಾರಣ. ದಿನದ ಬಾಕಿ ಹೀಗೆ ಬೆಳೆದರೆ ಕತೆ ಹೊರೆಯಾಗುತ್ತದೆ. ವಾರಕ್ಕೆ ಎರಡಾದಾಗ ದಿನದ ರೂಢಿಯೂ ಇಲ್ಲ, ವಾರದ ಕಾತರವೂ ಇಲ್ಲ. ವರ್ಷ ಮುಗಿಯುವ ಮುನ್ನವೇ ಎರಡೂ ನಿಂತವು. 2022ರ ಸೆಪ್ಟೆಂಬರ್ 12ರಿಂದ ಅಂತರ್ಜಾಲ ವೇದಿಕೆ ಪೀಕಾಕ್‌ಗೆ ಹೋದ 'ಡೇಸ್ ಆಫ್ ಅವರ್ ಲೈವ್ಸ್' ಆ ತಪ್ಪು ಮಾಡಲಿಲ್ಲ. ವಾರದ ಐದೂ ದಿನ ಒಂದೊಂದು ಕಂತು, ಮೊದಲಿನಂತೆಯೇ.

ಜಾಲಗಳಲ್ಲಿ ಈಗ ಉಳಿದಿರುವ ಹಳಬರಲ್ಲಿ 'ದಿ ಯಂಗ್ ಆ್ಯಂಡ್ ದ ರೆಸ್ಟ್‌ಲೆಸ್' ಮತ್ತು 'ದಿ ಬೋಲ್ಡ್ ಆ್ಯಂಡ್ ದ ಬ್ಯೂಟಿಫುಲ್' ಎರಡೂ ಬೆಲ್ ಕುಟುಂಬ ರೂಪಿಸಿದವು. ಎರಡನೆಯದು ಅರ್ಧ ಗಂಟೆಯದೇ ಆಗಿ ಉಳಿದು ಖರ್ಚನ್ನು ಹಿಡಿತದಲ್ಲಿಟ್ಟಿತು. ನೂರಕ್ಕೂ ಹೆಚ್ಚು ದೇಶಗಳಿಗೆ ಮಾರಾಟವಾಗಿ, ಮನೆಯ ಜಾಹೀರಾತು ಕುಗ್ಗಿದಾಗಲೂ ಹೊರಗಿನ ಹಣದಿಂದ ನಿಂತಿತು. ಎರಡರಲ್ಲೂ ಮೂಲ ಕುಟುಂಬಗಳು, ಹಳೆಯ ಹಗೆಗಳು ಇನ್ನೂ ಕತೆಯ ನಡುವೆಯೇ ಇವೆ. ಎಬಿಸಿಯಲ್ಲಿ 'ಜನರಲ್ ಹಾಸ್ಪಿಟಲ್' 1963ರಿಂದ ನಡೆಯುತ್ತಲೇ ಇದೆ.

2025ರ ಫೆಬ್ರವರಿ 24ರಂದು ಸಿಬಿಎಸ್ 'ಬಿಯಾಂಡ್ ದ ಗೇಟ್ಸ್' ಆರಂಭಿಸಿತು. 1999ರ 'ಪ್ಯಾಶನ್ಸ್' ಆದಮೇಲೆ ದೊಡ್ಡ ಜಾಲವೊಂದು ಹೊಸ ಹಗಲು ಧಾರಾವಾಹಿಗೆ ಕೈಹಾಕಿದ್ದು ಇದೇ ಮೊದಲು. ಬರೆದು ರೂಪಿಸಿದವರು ಮಿಶೆಲ್ ವ್ಯಾಲ್ ಜೀನ್, ಕತೆ ಮೇರಿಲ್ಯಾಂಡಿನ ಸಿರಿವಂತ ಕಪ್ಪು ಕುಟುಂಬವೊಂದರದ್ದು. ನಡುವೆ ಕೂತಿರುವುದು ಅಜ್ಜಿ ಅನಿತಾ ಮತ್ತು ಅಜ್ಜ ವರ್ನನ್, ಸುತ್ತ ಹೆಣ್ಣುಮಕ್ಕಳು, ಮೊಮ್ಮಕ್ಕಳು. ಅಜ್ಜಿಗೆ ತನ್ನದೇ ಕತೆಯಿದೆ, ಬೆಂಚಿನ ಮೇಲಿನ ಎರಡು ಮಾತಲ್ಲ. ತಯಾರಿಕೆಯಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್‌ನ ಪಾಲೂ ಇದೆ. ಪ್ರಸಾರವಾಗುವುದು ಪೂರ್ವ ಕರಾವಳಿಯಲ್ಲಿ ಮಧ್ಯಾಹ್ನ 2ಕ್ಕೆ. 2010ರ ತನಕ 'ಆ್ಯಸ್ ದ ವರ್ಲ್ಡ್ ಟರ್ನ್ಸ್' ಬರುತ್ತಿದ್ದ, ಆಮೇಲೆ ಹದಿನಾಲ್ಕು ವರ್ಷ 'ದ ಟಾಕ್' ಎಂಬ ಮಾತಿನ ಕಾರ್ಯಕ್ರಮ ಕೂತಿದ್ದ ಅದೇ ಹೊತ್ತು.